ಓಟಿಗೆ (ಓವರ್‌ಟೈಮಿಗೆ) ವಡಾಪಾವ್, ಜ್ವರಕ್ಕೆ ಖಾಡಾ, ಅಂದರೆ ಗೈರುಹಾಜರಿ. ನಿಮ್ಮಲ್ಲಿ ಯಾರಿಗಾದರೂ ಹಣ ಸಿಕ್ಕಿದೆಯಾ?

ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಮೋಲ್ಡಿಂಗ್ ಕೆಲಸ ಮಾಡ್ತೇನೆ, ಮೂರು ವರ್ಷ ಆಯ್ತು. ಪಗಾರ 15,600. ಪಾಳಿ ಎಂಟು ತಾಸು ಅಂತ ಹೆಸರಿಗೆ ಮಾತ್ರ. ಭಟ್ಟಿಯಲ್ಲಿ ಕಬ್ಬಿಣ ಕರಗಿ ನಿಂತಿರುವಾಗ ನನ್ನ ಟೈಮ್ ಆಯ್ತು ಅಂತ ಹೊರಡೋಕೆ ಆಗಲ್ಲ, ಅದು ಖಾಲಿ ಆಗೋವರೆಗೆ ಸುರಿಯಲೇಬೇಕು, ಹಾಗಾಗಿ ದಿನಾ ಎರಡು ತಾಸು ಜಾಸ್ತಿ. ಅದಕ್ಕೆ ಸಿಗೋದು ಒಂದು ಚಹಾ, ಒಂದು ವಡಾಪಾವ್. ಆಗಸ್ಟ್‌ನಲ್ಲಿ ಡೆಂಗ್ಯೂ ಬಂದು ಹತ್ತು ದಿನ ಖಾಸಗಿ ಆಸ್ಪತ್ರೆ, ಮನೆ ಅಂತ ಮಲಗಿದೆ. ಹತ್ತು ದಿನದ ಪಗಾರ ಹೋಯ್ತು, ನಡುವೆ ಬಂದ ವಾರದ ಸೂಟಿಯನ್ನೂ ಖಾಡಾ ಅಂತ ಬರೆದರು, ಹಾಜರಿ ಬೋನಸ್ಸೂ ಇಲ್ಲ. ಪಗಾರ ಚೀಟಿಯಲ್ಲಿ ಮಾತ್ರ ತಿಂಗಳು ತಿಂಗಳು ಇಎಸ್‌ಐ (ನೌಕರರ ರಾಜ್ಯ ವಿಮೆ) 117 ರೂಪಾಯಿ ಕಟ್. ಕೇಳಿದರೆ ಬಾಗಿಲು ತೆರೆದಿದೆ ಅಂತಾರೆ. ನಿಮ್ಮಲ್ಲಿ ಯಾರಾದರೂ ಇದನ್ನು ದಾಟಿ ಬಂದಿದ್ದರೆ ಹೇಳಿ.

ಹಳೇ ಟೈಮ್‌ಕೀಪರ್

ನಾನು ಗೋಡೆಯ ಆಚೆ ಕಡೆ ಕೂತಿದ್ದವನು. ಆರು ವರ್ಷ ಹಾಜರಿ ಬರೆದಿದ್ದೇನೆ, ಅದಕ್ಕೆ ಒಳಗಿನ ಆಟ ಗೊತ್ತು. ಐದು ಗಂಟೆಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬೆರಳು ಒತ್ತಿಸ್ತಿದ್ವಿ, ಮಷಿನ್ 'ಔಟ್' ಅಂತ ತೋರಿಸ್ತಿತ್ತು, ಅದೇ ಜನ ಆ ಕಡೆ ಸುತ್ತಿ ಮತ್ತೆ ಒಳಗೆ. ಕಾಗದದ ಮೇಲೆ ಒಬ್ಬನೂ ಎಂಟು ತಾಸು ದಾಟಿಲ್ಲ! ಆಗ ನನಗೂ ನಾಚಿಕೆ ಆಗ್ತಿರಲಿಲ್ಲ, ಪಗಾರ ಕೊಡ್ತಿದ್ದರಲ್ವಾ.

ಹಾಗಾಗಿ ಕಂಪನಿಯ ರಿಜಿಸ್ಟರ್ ನಂಬಬೇಡಿ, ನಿಮ್ಮದೇ ಒಂದು ಇಡಿ. ನಮ್ಮಲ್ಲಿ ಒಬ್ಬ ಕೋರ್‌ಶಾಪ್‌ನವನಿದ್ದ. ಜೇಬಲ್ಲಿ ಹತ್ತು ರೂಪಾಯಿಯ ಡೈರಿ, ಪುಟದ ತುಂಬ ಎಣ್ಣೆಯ ಬೆರಳಚ್ಚು. ತಾರೀಖು, ಒಳಗೆ ಬಂದ ಟೈಮ್, ಹೊರಗೆ ಹೋದ ಟೈಮ್, ಯಾರು ನಿಲ್ಲಿಸಿದರು, ಎಷ್ಟು ಮೋಲ್ಡ್ ಬಾಕಿ ಇತ್ತು, ಇಷ್ಟೇ. ಅವನು ಲೆಕ್ಕ ಕೇಳಿದ ದಿನ ನಮ್ಮ ಮ್ಯಾನೇಜರ್ ನಕ್ಕರು. ಆಮೇಲೆ ಅವನು ಸೂಪರ್‌ವೈಸರ್ ಕಳಿಸಿದ್ದ ವಾಟ್ಸ್ಯಾಪ್ ಮೆಸೇಜ್ ತೆಗೆದ. 'ಇವತ್ತು ಯಾರೂ ಹೋಗಬೇಡಿ, 12 ಬಾಕ್ಸ್ ಉಳಿದಿವೆ.' ಟೈಮ್ ಸಂಜೆ 6.40. ಡೈರಿಯ ಆ ದಿನದ ಸಾಲಿಗೂ ಮೆಸೇಜಿಗೂ ತಾಳೆ ಆಯ್ತು, ನಗು ನಿಂತಿತು. ಎಂಟು ತಿಂಗಳದ್ದು ಕೇಳಿದ್ದ, ಐದು ತಿಂಗಳದ್ದು ಕೊಟ್ಟರು. ಪೂರ್ತಿ ನ್ಯಾಯ ಅಲ್ಲ ಅದು, ಆದರೆ ಸೊನ್ನೆಯೂ ಅಲ್ಲ.

ಈಗ ನಿಮ್ಮ ಲೆಕ್ಕ. 15,600ನ್ನು 26ರಿಂದ ಭಾಗಿಸಿದರೆ ದಿನಕ್ಕೆ 600, ತಾಸಿಗೆ 75. ಓಟಿ ಅಂದರೆ ಅದರ ಎರಡರಷ್ಟು, ತಾಸಿಗೆ 150. 1948ರ ಫ್ಯಾಕ್ಟರೀಸ್ ಆಕ್ಟ್‌ನ 59ನೇ ಕಲಂ ಇದನ್ನೇ ಹೇಳುತ್ತಿತ್ತು, 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಡಬಲ್ಲೇ. ವಾರಕ್ಕೆ 48 ತಾಸಿನ ಮಿತಿಯೂ ಹಾಗೇ ಇದೆ. ತಿಂಗಳಿಗೆ 40 ತಾಸು ಅಂತ ಹಿಡಿದರೂ ನಿಮಗೆ 6,000 ಬರಬೇಕು. ಒಂದು ವಡಾಪಾವ್ ಎಷ್ಟು ದುಬಾರಿ ಬಿತ್ತು ನೋಡಿ. ಮೂಲ ವೇತನಕ್ಕೆ ಮಾತ್ರ ಡಬಲ್ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, ಡಿಎ (ತುಟ್ಟಿಭತ್ಯೆ) ಕೂಡ ಸೇರಬೇಕು. ಇನ್ನು ಹೊಸ ವೇತನ ಸಂಹಿತೆಯಲ್ಲಿ ಬಾಕಿ ಕೇಳೋಕೆ ಮೂರು ವರ್ಷದ ಅವಧಿ ಇದೆ, ಗಾಬರಿ ಬೇಡ, ಆದರೆ ಡೈರಿ ಇವತ್ತೇ ಶುರು ಮಾಡಿ.

ಮಚ್ಛೆ ಕಡೆಯ ಸಿಎನ್‌ಸಿ ಆಪರೇಟರ್

ಕಾಯಿಲೆಯ ವಿಷಯ ನಾನು ಹೇಳ್ತೇನೆ, ಏಟು ತಿಂದಿದ್ದೇನೆ.

ಮೊದಲು ಒಂದು ಮಾತು ಸ್ಪಷ್ಟ ಮಾಡ್ತೇನೆ. ಇಎಸ್‌ಐ ಇದ್ದವರಿಗೆ ಕಾಯಿಲೆ ದಿನದ ದುಡ್ಡು ಕಂಪನಿಯಿಂದ ಅಲ್ಲ, ಇಎಸ್‌ಐನಿಂದ ಬರುತ್ತೆ. ನೀವು ಕಟ್ಟೋದು 0.75 ಪರ್ಸೆಂಟ್, ಅದೇ ಆ 117. ಮಾಲಕರು 3.25 ಕಟ್ಟಬೇಕು, ಅಂದರೆ 507. ಪಗಾರ 21,000ದೊಳಗೆ ಇರೋರಿಗೆ ಇದು. ಇಎಸ್‌ಐ ಡಾಕ್ಟರ ಸರ್ಟಿಫಿಕೇಟ್ ಇದ್ದರೆ ದಿನದ ಸರಾಸರಿ ಪಗಾರದ 70 ಪರ್ಸೆಂಟ್, ವರ್ಷಕ್ಕೆ 91 ದಿನದವರೆಗೆ. ಮೊದಲ ಎರಡು ದಿನಕ್ಕೆ ಸಿಗಲ್ಲ. ನಿಮ್ಮ ಹತ್ತು ದಿನದಲ್ಲಿ ಎಂಟು ಉಳಿದರೆ, ದಿನಕ್ಕೆ 420ರಂತೆ 3,360 ಹತ್ತಿರ ಆಗುತ್ತೆ.

ನನಗೆ 2022ರಲ್ಲಿ ಕಾಮಾಲೆ ಆಗಿತ್ತು. ಊರ ಔಷಧಿ, ಪಥ್ಯ, ಮನೆ ಹತ್ತಿರದ ಡಾಕ್ಟರು ಅಂತ ಮೊದಲ ವಾರ ಕಳೆದೆ. ಎಂಟನೇ ದಿನ ಇಎಸ್‌ಐ ಡಾಕ್ಟರ ಹತ್ತಿರ ಹೋದೆ. ಅಲ್ಲಿಂದ 21 ದಿನಕ್ಕೆ ಸರ್ಟಿಫಿಕೇಟ್ ಕೊಟ್ಟರು, ಎರಡು ಬಿಟ್ಟು 19 ದಿನದ ದುಡ್ಡು ಬ್ಯಾಂಕ್ ಖಾತೆಗೆ ಬಂತು, ಒಂಬತ್ತು ಸಾವಿರದ ಮೇಲೆ. ಆ ಮೊದಲ ವಾರ ಮಾತ್ರ ಹೋಯ್ತು. ಹೊರಗಿನ ಡಾಕ್ಟರ ಚೀಟಿಯನ್ನು ಇಎಸ್‌ಐ ಬ್ರಾಂಚ್ ಆಫೀಸಿನವರು ಒಪ್ಪಲೂಬಹುದು, ಬಿಡಲೂಬಹುದು. ನನ್ನದು ಬರೀ ಒಂದು ಸಾಲಿನ ಚೀಟಿ, ಬಿಟ್ಟರು. ನಿಮ್ಮದು ಆಸ್ಪತ್ರೆ ಸೇರಿದ ಕೇಸು. ಡಿಸ್ಚಾರ್ಜ್ ಕಾಗದ, ಡೆಂಗ್ಯೂ ರಿಪೋರ್ಟ್, ಪ್ಲೇಟ್ಲೆಟ್ ಎಣಿಸಿದ ದಿನವಾರು ಚೀಟಿ, ಬಿಲ್ಲು ಎಲ್ಲ ತಗೊಂಡು ಹೋಗಿ.

ಹೋಗೋ ಮೊದಲು ನಿಮ್ಮ ಇಎಸ್‌ಐ ನಂಬರಿನಿಂದ ಇಎಸ್‌ಐ ವೆಬ್‌ಸೈಟಿನಲ್ಲಿ ಲಾಗಿನ್ ಆಗಿ ನಿಜವಾಗಿ ಹಣ ಕಟ್ಟಿದ್ದಾರಾ ನೋಡಿ. ಆಗಸ್ಟ್ ಕಾಯಿಲೆಗೆ ಹಿಂದಿನ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಆರು ತಿಂಗಳು ನೋಡ್ತಾರೆ, ಅದರಲ್ಲಿ ಕನಿಷ್ಠ 78 ದಿನದ ವಂತಿಗೆ ಇರಬೇಕು. ನಮ್ಮ ಪಕ್ಕದ ಶೆಡ್‌ನವನ ಪಗಾರದಿಂದ ಎರಡು ವರ್ಷ ಕಟ್ ಮಾಡಿದ್ದರು, ಆಫೀಸಿನಲ್ಲಿ ನೋಡಿದರೆ ಅವನ ಹೆಸರಲ್ಲಿ ನಾಲ್ಕೇ ತಿಂಗಳು ಕಟ್ಟಿದ್ದರು.

ಹಾಜರಿ ಬೋನಸ್ಸಿನ ಆಸೆ ಬಿಡಿ ಅಂತ ನನ್ನ ಅನಿಸಿಕೆ. ನಾನೂ ಜಗಳ ಆಡಿದೆ, ಗೆಲ್ಲಲಿಲ್ಲ. ಆದರೆ ಸರ್ಟಿಫಿಕೇಟ್ ಇರೋ ದಿನಗಳನ್ನು ಖಾಡಾ ಅಂತ ಬರೆಯೋದಕ್ಕೆ ಲಿಖಿತವಾಗಿ ತಕರಾರು ಹಾಕಿ. ಇವತ್ತು ಖಾಡಾ ಅಂತ ಬಿಟ್ಟರೆ ನಾಳೆ ಹೇಳದೆ ಕೇಳದೆ ಕೆಲಸ ತಪ್ಪಿಸಿದ ಅಂತ ನೋಟೀಸ್ ಬರುತ್ತೆ.

ಮುಧೋಳ ಕಡೆಯವನು, ಸಕ್ಕರೆ ಕಾರ್ಖಾನೆ

ನಿಮಗೆ ಇಎಸ್‌ಐ ಆದರೂ ಇದೆ. ಕಬ್ಬು ನುರಿಸೋ ಕಾರ್ಖಾನೆ ಹಂಗಾಮಿನದ್ದು ಅಂತ ಇಎಸ್‌ಐ ಕಾನೂನೇ ನಮ್ಮನ್ನು ಹೊರಗೆ ಇಟ್ಟಿದೆ. ಹಂಗಾಮಿನಲ್ಲಿ ಹನ್ನೆರಡು ತಾಸು ನಿಂತರೂ, ಜ್ವರ ಬಂದರೂ ನಮ್ಮ ಗತಿ ಗುತ್ತಿಗೆದಾರನ ಮರ್ಜಿ. ಸಂಬಳದ ರಜೆ ಬೇಕಂದರೆ ವರ್ಷಕ್ಕೆ 240 ದಿನ ದುಡಿದಿರಬೇಕು ಅಂತಿತ್ತು, ನಾಲ್ಕೈದು ತಿಂಗಳ ಹಂಗಾಮಿನಲ್ಲಿ ಅದು ಎಲ್ಲಿ ಆಗುತ್ತೆ? ಈಗ 180 ಮಾಡಿದ್ದಾರೆ, ಅದೂ ಮುಟ್ಟಲ್ಲ. ಆದರೆ ಒಂದು ಸಲ ಗುತ್ತಿಗೆದಾರ ಪಗಾರ ಕೊಡದೆ ಫೋನ್ ಬಂದ್ ಮಾಡಿದಾಗ ನಾವು 14 ಜನ ಸೇರಿ ಕಾರ್ಖಾನೆಯ ಆಫೀಸಿಗೇ ಅರ್ಜಿ ಕೊಟ್ಟೆವು. ಗುತ್ತಿಗೆದಾರ ಕೊಡದಿದ್ದರೆ ಮೂಲ ಮಾಲಕ ಕೊಡಬೇಕು ಅಂತ ಕಾನೂನಿದೆ. ಕೊಟ್ಟರು. ಒಬ್ಬನೇ ಹೋಗಿದ್ದರೆ ವಾಚ್‌ಮನ್ ಒಳಗೇ ಬಿಡ್ತಿರಲಿಲ್ಲ.

ಬಟ್ಟೆ ಅಂಗಡಿ ಅಕ್ಕ, ಖಡೇಬಜಾರ್

ಫ್ಯಾಕ್ಟರಿ ಅಲ್ಲದವರೂ ಓದ್ತಿರಬಹುದು ಅಂತ ಬರೀತಿದ್ದೇನೆ. ಅಂಗಡಿ, ಶೋರೂಮ್, ಆಫೀಸುಗಳಿಗೆ ಕರ್ನಾಟಕದ 1961ರ ಅಂಗಡಿ ಕಾಯ್ದೆ ಇದೆ. ದಿನಕ್ಕೆ 9 ತಾಸು, ವಾರಕ್ಕೆ 48, ಜಾಸ್ತಿ ಆದರೆ ಡಬಲ್. ಅದರಲ್ಲೇ ವರ್ಷಕ್ಕೆ 12 ದಿನ ಸಂಬಳದ ಕಾಯಿಲೆ ರಜೆ ಇದೆ, ನಮ್ಮ ಅಂಗಡಿಯಲ್ಲಿ ಏಳು ವರ್ಷ ಯಾರಿಗೂ ಗೊತ್ತಿರಲಿಲ್ಲ. ದೀಪಾವಳಿಗೆ ರಾತ್ರಿ ಹನ್ನೊಂದರವರೆಗೆ ನಿಂತಿದ್ದಕ್ಕೆ ಒಂದು ಸೀರೆ ಕೊಟ್ಟು ಸುಮ್ನಾಗಿಸ್ತಿದ್ದರು. ಆ ಸೀರೆ ಅಂಗಡಿಯಲ್ಲಿ ಎರಡು ವರ್ಷ ಮಾರದೆ ಉಳಿದ ಮಾಲು, ಮಡಿಕೆ ಹತ್ತಿರ ಬಣ್ಣ ಹೋಗಿತ್ತು.

ಹೊನಗಾದಿಂದ

ಪ್ರಮೋಷನ್ ಅಂತ ಸೂಪರ್‌ವೈಸರ್ ಪಟ್ಟ ಕೊಟ್ಟರೆ ಹುಷಾರ್. ನನಗೂ ಕೊಟ್ಟರು, ಪಗಾರ 500 ಏರಿಸಿ ಓಟಿ ಇಲ್ಲ ಅಂದರು. ಹಲಗೆ ಮೇಲೆ ಏನು ಬರೆದಿದೆ ಅನ್ನೋದಲ್ಲ, ಕೈಯಲ್ಲಿ ಏನು ಕೆಲಸ ಮಾಡ್ತೀರಿ ಅನ್ನೋದನ್ನೇ ನೋಡಬೇಕು ಅಂತ ವಕೀಲರು ಹೇಳಿದರು. ನಾನು ಈಗಲೂ ದಿನಾ ಗ್ರೈಂಡರ್ ಹಿಡೀತೇನೆ.

ಕೇಳಿದವನು, ಮತ್ತೆ

ಎಲ್ಲರಿಗೂ ಥ್ಯಾಂಕ್ಸ್ ರೀ. ಲಾಗಿನ್ ಆಗಿ ನೋಡಿದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಆರೂ ತಿಂಗಳು ಕಟ್ಟಿದ್ದಾರೆ, ಅಷ್ಟರ ಮಟ್ಟಿಗೆ ಮಾಲಕರು ಒಳ್ಳೆಯವರೇ. ಡಿಸ್ಚಾರ್ಜ್ ಕಾಗದ ನನ್ನ ಹೆಂಡತಿ ಗೋಧಿ ಡಬ್ಬಿ ಕೆಳಗೆ ಇಟ್ಟಿದ್ದಳು, ಸಿಕ್ಕಿತು. ನಾಳೆ ಎರಡನೇ ಪಾಳಿ, ಬೆಳಿಗ್ಗೆ ಇಎಸ್‌ಐಗೆ ಹೋಗ್ತೇನೆ. ಓಟಿ ಅರ್ಜಿಗೆ ಮೋಲ್ಡಿಂಗ್‌ನ ಐದು ಜನ ಸಹಿ ಮಾಡ್ತೇವೆ ಅಂದಿದ್ದಾರೆ, ಅದರಲ್ಲಿ ಇಬ್ಬರು ಸಂಜೆಗೆ ಫೋನ್ ಎತ್ತುತ್ತಿಲ್ಲ.