ಫಂಕ್ ಹುಚ್ಚು ಹಿಡಿದಿದೆ, ಆದ್ರೆ ಹಳೇ ಬ್ಲೂಸ್ ಕಿವಿಗೆ ಇಳೀತಾ ಇಲ್ಲ, ಏನ್ ಮಾಡ್ಲಿ?

ಬೇಸ್‌ಪ್ರಿಯ:

ಎಲ್ರಿಗೂ ನಮಸ್ಕಾರ. ಎರಡು ವರ್ಷದಿಂದ ನಂಗೆ ಅಮೆರಿಕದ ಕರಿಯರ ಸೋಲ್ ಮತ್ತೆ ಫಂಕ್ ಸಂಗೀತದ ಹುಚ್ಚು, ಜೇಮ್ಸ್ ಬ್ರೌನ್, ಓಟಿಸ್ ರೆಡ್ಡಿಂಗ್, ಅರೀಥಾ ಫ್ರಾಂಕ್ಲಿನ್ ಬಿಟ್ರೆ ಬೇರೇನೂ ಕೇಳಿಲ್ಲ ಅಂತಾನೇ ಹೇಳ್ಬೋದು. ಶುರುವಾಗಿದ್ದು ಹಿಪ್‌ಹಾಪ್‌ನಿಂದ, ಒಂದೇ ಡ್ರಮ್ ತುಣುಕು ಎಷ್ಟೊಂದು ಹಾಡಲ್ಲಿ ಕೇಳಿಸ್ತಿದೆಯಲ್ಲಾ ಇದು ಯಾರ್ದಪ್ಪಾ ಅಂತ ಹುಡುಕ್ತಾ ಹೋದ್ರೆ ಕ್ಲೈಡ್ ಸ್ಟಬಲ್‌ಫೀಲ್ಡ್ ಸಿಕ್ರು, 1969ರಲ್ಲಿ ಬ್ರೌನ್ ಬ್ಯಾಂಡಲ್ಲಿ ಬಾರಿಸಿದ 'ಫಂಕಿ ಡ್ರಮ್ಮರ್'. ಹಾಡಲ್ಲೇ ಬ್ರೌನ್ ಹೇಳ್ತಾರೆ, ಸೋಲೋ ಗೀಲೋ ಬೇಡ, ಹಿಡಿದಿದ್ದನ್ನೇ ಬಿಡದೆ ಬಾರ್ಸು ಅಂತ. ಪಾಪ ಅಷ್ಟೊಂದು ಜನ ಅದನ್ನ ಕತ್ತರಿಸಿ ಹಾಕ್ಕೊಂಡ್ರೂ ಬಾರಿಸಿದವ್ರಿಗೆ ರಾಯಲ್ಟಿ ಇಲ್ಲ, ಯಾಕಂದ್ರೆ ಹಾಡು ಬ್ರೌನ್ ಹೆಸರಲ್ಲಿದೆ. ಅದು ಬೇರೆ ಕತೆ ಬಿಡಿ.

ವಿಷ್ಯ ಏನಪ್ಪಾ ಅಂದ್ರೆ ಎಲ್ರೂ "ಇದಕ್ಕೆಲ್ಲಾ ಬೇರು ಡೆಲ್ಟಾ ಬ್ಲೂಸು, ಅಂದ್ರೆ ಮಿಸಿಸಿಪ್ಪಿ ಕಡೆಯ ಹಳೇ ಬ್ಲೂಸು, ಅದನ್ನ ಕೇಳ್ದೆ ಫಂಕ್ ಅರ್ಥ ಆಗಲ್ಲ" ಅಂತಾರೆ. ಸರಿ ಅಂತ ಭಾನುವಾರ ಬೆಳಿಗ್ಗೆ ಆ ಡೆಲ್ಟಾದ ಹಳೇ ಹಾಡುಗಾರ ಚಾರ್ಲಿ ಪ್ಯಾಟನ್ ಹಾಕ್ದೆ. ದೇವ್ರಾಣೆ, ಯಾರೋ ಹಪ್ಪಳ ಕರೀತಾ ಇದಾರೆ, ಪಕ್ಕದಲ್ಲಿ ಇನ್ಯಾರೋ ಕಂಬಳಿ ಹೊದ್ದು ಗೊಣಗ್ತಾ ಇದಾರೆ, ಹಂಗಿತ್ತು. ನನ್ನ ಹೆಂಡ್ತಿ ಅಡುಗೆಮನೆಯಿಂದ ಬಂದು ಸ್ಪೀಕರ್ ಕೆಟ್ಟೋಯ್ತಾ ಅಂದ್ಳು. ಡ್ರಮ್ ಇಲ್ಲ, ಬೇಸ್ ಇಲ್ಲ, ಮಾತು ಅರ್ಥ ಆಗಲ್ಲ. ಇದ್ರಲ್ಲಿ ಏನನ್ನ ಕೇಳ್ಬೇಕು? ನಿಜವಾಗ್ಲೂ ಕೇಳ್ತಿದೀನಿ, ಗೇಲಿ ಅಲ್ಲ.

ಮುಳ್ಳುಪೆಟ್ಟಿಗೆ:

ಗುರು, ತಪ್ಪು ನಿನ್ನ ಕಿವಿದೂ ಅಲ್ಲ ಪ್ಯಾಟನ್‌ದೂ ಅಲ್ಲ, ಕುರ್ಚಿ ಕಂಪನಿದು.

ತಮಾಷೆ ಅಲ್ಲ. ಪ್ಯಾಟನ್, ಸನ್ ಹೌಸ್, ಸ್ಕಿಪ್ ಜೇಮ್ಸ್ ಇವ್ರೆಲ್ಲಾ ಹಾಡಿದ್ದು ಪ್ಯಾರಾಮೌಂಟ್ ಅನ್ನೋ ಲೇಬಲ್‌ಗೆ, ಸಿನಿಮಾ ಪ್ಯಾರಾಮೌಂಟ್ ಅಲ್ಲ, ವಿಸ್ಕಾನ್ಸಿನ್‌ನಲ್ಲಿ ಕುರ್ಚಿ ಮಾಡ್ತಿದ್ದ ಒಂದು ಕಂಪನಿದು. ಅವ್ರು ಗ್ರಾಮಫೋನ್ ಪೆಟ್ಟಿಗೆನೂ ಮಾಡ್ತಿದ್ರು, ಪೆಟ್ಟಿಗೆ ಮಾರ್ಬೇಕಂದ್ರೆ ಪ್ಲೇಟು ಬೇಕಲ್ಲ, ಅದಕ್ಕೆ ಪ್ಲೇಟು ಒತ್ತೋಕೂ ಇಳಿದ್ರು. ಹಾಕ್ತಿದ್ದಿದ್ದು ಅಗ್ಗದ ಮಾಲು, ಹಾಗಾಗಿ ಹೊಸ ಪ್ಲೇಟೇ ಕರಕರ ಅಂತಿತ್ತು. ಮೂಲ ಅಚ್ಚುಗಳು ಉಳಿದಿಲ್ಲ. ಈಗ ನಾವು ಕೇಳೋದು ಯಾರ್ದೋ ಮನೇಲಿ ಉಳ್ಕೊಂಡಿದ್ದ ಸವೆದ ಪ್ಲೇಟಿಂದ ಎತ್ತಿದ್ದು.

ಇನ್ನೊಂದು ಮಜಾ ಕೇಳು. 78ರ ಪ್ಲೇಟಿನ (ನಿಮಿಷಕ್ಕೆ 78 ಸುತ್ತು ತಿರುಗೋ ಹಳೇ ಪ್ಲೇಟು) ಜೀವಾಳ ಅರಗು, ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಿಡಿಸ್ತಾರಲ್ಲ ಅದೇ ಅರಗು. ಅದಕ್ಕೆ ಕಲ್ಲಿನ ಪುಡಿ, ಮಸಿ ಬೆರೆಸಿ ಬಿಸಿ ಮಾಡಿ ಒತ್ತೋದು. ಆ ಅರಗು ಅಮೆರಿಕಕ್ಕೆ ಹೆಚ್ಚಾಗಿ ಹೋಗ್ತಿದ್ದಿದ್ದೇ ನಮ್ಮ ದೇಶದಿಂದ, ಛೋಟಾನಾಗಪುರದ ಕಾಡಲ್ಲಿ ಮುತ್ತುಗದ ಮರದ ಮೇಲೆ ಹುಳ ಕಟ್ಟಿದ್ದು. 1942ರಲ್ಲಿ ಯುದ್ಧದ ಸಮಯ ಅಮೆರಿಕ ಸರ್ಕಾರ ಅರಗಿಗೆ ಮಿತಿ ಹಾಕ್ದಾಗ ಹಳೇ ಪ್ಲೇಟುಗಳನ್ನ ಜನರಿಂದ ವಾಪಸ್ ಇಸ್ಕೊಂಡು ಕರಗಿಸಿದ್ರು, ಅದ್ರಲ್ಲಿ ಎಷ್ಟು ಬ್ಲೂಸ್ ಹೋಯ್ತೋ ಶಿವನೇ ಬಲ್ಲ.

ಈಗ ನಿನ್ನ ಪ್ರಶ್ನೆಗೆ. ಅದೇ ಮುದುಕರನ್ನ 60ರ ದಶಕದ ಒಳ್ಳೇ ರೆಕಾರ್ಡಿಂಗಲ್ಲಿ ಕೇಳು. ಸನ್ ಹೌಸ್‌ನ 1964ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಹುಡುಕಿ ಹಿಡಿದ್ರು, ಆತ ಸಂಗೀತ ಬಿಟ್ಟು ವರ್ಷಗಳೇ ಆಗಿತ್ತು, ಆಲನ್ ವಿಲ್ಸನ್ ಅನ್ನೋ ಹುಡುಗ ಕೂತ್ಕೊಂಡು ಆತನ ಹಾಡನ್ನ ಆತನಿಗೇ ಮತ್ತೆ ಹೇಳ್ಕೊಟ್ಟ. 1965ರಲ್ಲಿ ಕೊಲಂಬಿಯಾಗೆ ಹಾಡಿದ್ದು ಗಾಜಿನಂಗೆ ಕೇಳ್ಸುತ್ತೆ. ಒಂದು ಹಾಡಲ್ಲಿ ಗಿಟಾರೂ ಇಲ್ಲ, ಬರೀ ಚಪ್ಪಾಳೆ ಮತ್ತೆ ಗಂಟಲು.

ಧಾರವಾಡ್ ಸ್ಲೈಡ್:

ಡ್ರಮ್ ಇಲ್ಲ ಬೇಸ್ ಇಲ್ಲ ಅಂತ ಬರದೀರಲ್ರೀ, ಐತಿ. ಹೆಬ್ಬಟ್ಟಿನ್ಯಾಗ ಐತಿ.

ನಾನೂ ನಿಮ್ಮಂಗ ಅಂತಿದ್ದೆ, ಆಮ್ಯಾಲೆ ಗಿಟಾರ್ ಕಲಿಯಾಕ ಹೋಗಿ ಬಟ್ಟು ಸುಟ್ಕೊಂಡಾಗ ಗೊತ್ತಾತು. ಪ್ಯಾಟನ್ ಬಿಡ್ರಿ ಸದ್ಯಕ್ಕ, ಮಿಸಿಸಿಪ್ಪಿ ಜಾನ್ ಹರ್ಟ್ ಹಾಕ್ರಿ. ಹೆಬ್ಬಟ್ಟು ದಪ್ಪ ತಂತಿ ಮ್ಯಾಲೆ ಒಂದ ಸಮ ಧಬ್ ಧಬ್ ನಡದಿರ್ತೈತಿ, ಉಳದ ಬಟ್ಟು ಸಣ್ಣ ತಂತಿ ಮ್ಯಾಲೆ ತಮ್ಮ ಪಾಡಿಗೆ ಹಾಡ್ಕೋತ ಹೋಗ್ತಾವ. ನಮ್ಮ ಅಮ್ಮ ಬೀಸುಕಲ್ಲಿನ ಮುಂದ ಕುಂತು ಪದಾ ಹಾಡೂದು ಹಿಂಗ ಇತ್ತು, ಕಲ್ಲು ತನ್ನ ಸುತ್ತು ಬಿಡೂದಿಲ್ಲ, ಪದಾ ಅದರ ಮ್ಯಾಲೆ ಹೆಂಗ್ ಬೇಕಾದ್ರೂ ಹೊರಳತೈತಿ. ಮೊದಲ ಐದ ನಿಮಿಷ ಬರೇ ಹೆಬ್ಬಟ್ಟು ಕೇಳ್ರಿ, ಹಾಡು ಮರತಬಿಡ್ರಿ.

ಹರ್ಟ್ ಕತಿನೂ ಚಲೋ ಐತಿ. 1928ರಾಗ ಒಂದಿಷ್ಟ ರೆಕಾರ್ಡ್ ಮಾಡಿದ, ಅಷ್ಟೇನ್ ಮಾರಲಿಲ್ಲ, ಊರಿಗೆ ಹೋಗಿ ಹೊಲದ ಕೆಲಸ ಹಿಡದ. 35 ವರ್ಷ ಆದಮ್ಯಾಲೆ, ಒಂದ್ ಹಾಡಿನ್ಯಾಗ ಅವಲಾನ್ ನನ್ನ ಊರು ಅಂತ ಹಾಡ್ಯಾನಲ್ಲ ಅದ ಒಂದ್ ಸುಳಿವು ಹಿಡಕೊಂಡು ಹಳೇ ಅಟ್ಲಾಸ್‌ನ್ಯಾಗ ಊರ ಹುಡುಕಿ ಹೋದ್ರು. ಅಲ್ಲೇ ಇದ್ದ. ಅದ ವರ್ಷ ನ್ಯೂಪೋರ್ಟ್ ಜಾತ್ರ್ಯಾಗ, ಅಂದ್ರ ಫೆಸ್ಟಿವಲ್‌ನ್ಯಾಗ, ಸಾವಿರಾರು ಮಂದಿ ಮುಂದ ಬಾರಿಸಿದ. 1966ಕ್ಕ ತೀರ್ಕೊಂಡ, ಮೂರ ವರ್ಷದ ವೈಭವ.

ತನಿಪ್ರೇಮಿ:

ಮೃದಂಗ ಕಲಿತವನಾಗಿ ಒಂದು ಮಾತು. ಬ್ರೌನ್‌ಗಿಂತ ಮುಂಚೆ ಆರ್ ಅಂಡ್ ಬಿಯಲ್ಲಿ (ರಿದಮ್ ಅಂಡ್ ಬ್ಲೂಸ್) ನಾಲ್ಕು ಎಣಿಕೇಲಿ ಜೋರು ಪೆಟ್ಟು ಬೀಳ್ತಿದ್ದಿದ್ದು ಎರಡು ಮತ್ತೆ ನಾಲ್ಕರ ಮೇಲೆ, ಬ್ರೌನ್ ಬಂದು ಇಡೀ ಭಾರನ ಒಂದರ ಮೇಲೆ ತಂದು ಇಟ್ರು, ನಮ್ಮ ಲೆಕ್ಕದಲ್ಲಿ ಸಮದ ಮೇಲೆ, ಅಂದ್ರೆ ತಾಳದ ಮೊದಲ ಪೆಟ್ಟಿನ ಮೇಲೆ. ಸಮಕ್ಕೆ ಎಲ್ರೂ ಒಟ್ಟಿಗೆ ಬಂದು ಬೀಳಿ, ನಡುವೆ ಏನ್ ಬೇಕಾದ್ರೂ ಮಾಡ್ಕೊಳ್ಳಿ. ನಡುವೆ ಇರೋದು ತಕಧಿಮಿ ನಾಲ್ಕು ಸಲ, ಹದಿನಾರು, ಗಿಟಾರು ಬೇಸು ಹಾರ್ನು ಎಲ್ಲಾ ಆ ಹದಿನಾರನ್ನ ಹಂಚ್ಕೊಂಡಿವೆ ಅಷ್ಟೆ. 1967ರ 'ಕೋಲ್ಡ್ ಸ್ವೆಟ್'ನ ತಾಳ ಹಾಕ್ಕೊಂಡು ಕೇಳಿ, ರಾಗ ಬದಲಾಗೋ ಗೋಜೇ ಕಮ್ಮಿ, ಬಹುಪಾಲು ಒಂದೇ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಮೇಲೆ ನಿಂತಿರುತ್ತೆ.

ಈಗ ಅದೇ ಕಿವೀಲಿ ಜಾನ್ ಲೀ ಹೂಕರ್ 1948ರಲ್ಲಿ ಮಾಡಿದ 'ಬೂಗಿ ಚಿಲ್ಲನ್' ಕೇಳಿ. ಅಲ್ಲೂ ಒಂದೇ ಕಾರ್ಡು, ಒಬ್ಬ ಮನುಷ್ಯ, ಒಂದು ಗಿಟಾರು, ಮತ್ತೆ ನೆಲಕ್ಕೆ ಬಡಿಯೋ ಕಾಲು. ಆ ಕಾಲೇ ಡ್ರಮ್ಮು.

ಮೆಂಫಿಸ್ ಮಾವ:

ಎಲ್ರೂ ಹೇಳಿದ್ದು ಸರಿನೇ, ಆದ್ರೆ ಬೇರು ಬೇರು ಅಂತ ಪರೀಕ್ಷೆಗೆ ಓದಿದಂಗೆ ಯಾಕೆ ಕೇಳ್ಬೇಕು? ಕೆಲಸದ ಮೇಲೆ ಮೆಂಫಿಸ್‌ಗೆ ಬಂದು ಏಳು ವರ್ಷ ಆಯ್ತು, ಯಾರೇ ನೆಂಟ್ರು ಬಂದ್ರೂ ಮೊದ್ಲು ಸೋಲ್ ರೆಕಾರ್ಡ್ ಕಂಪನಿ ಸ್ಟ್ಯಾಕ್ಸ್‌ನ ಮ್ಯೂಸಿಯಂಗೆ ಎಳ್ಕೊಂಡು ಹೋಗ್ತೀನಿ (ಅತ್ತೆ ಮಾವ ಇನ್ನೂ ಬೈತಾರೆ). ಅದು ಹಳೇ ಟಾಕೀಸು, 1960ರಲ್ಲಿ ಬಾಡಿಗೆಗೆ ಹಿಡಿದು ಸ್ಟುಡಿಯೋ ಮಾಡಿದ್ದು, ಸೀಟು ಕಿತ್ರೂ ನೆಲ ಇಳಿಜಾರಾಗೇ ಉಳೀತು, ಆ ರೆಕಾರ್ಡ್‌ಗಳ ಗುಂಯ್ ಅನ್ನೋ ಸದ್ದಿಗೆ ಅದೂ ಒಂದು ಕಾರಣ ಅಂತಾರೆ. ಮೂಲ ಕಟ್ಟಡನ 1989ರಲ್ಲಿ ಕೆಡವಿಬಿಟ್ರು, ಈಗಿರೋದು ಅದೇ ಜಾಗದಲ್ಲಿ ಮತ್ತೆ ಕಟ್ಟಿದ್ದು, 2003ರಲ್ಲಿ ತೆಗೆದ್ರು. ಇಳಿಜಾರನ್ನೂ ಬಿಡದೆ ಕಟ್ಟಿದಾರೆ.

ನಿಮಗೆ ಬೇಕಿರೋ ಸೇತುವೆ ಅಲ್ಲೇ ಇದೆ. ಆಲ್ಬರ್ಟ್ ಕಿಂಗ್ 1967ರ ಎಲ್‌ಪಿ 'ಬಾರ್ನ್ ಅಂಡರ್ ಎ ಬ್ಯಾಡ್ ಸೈನ್'. ಹಾಡೋದು ಅಪ್ಪಟ ಬ್ಲೂಸ್, ಹಿಂದೆ ಬಾರ್ಸೋದು ಬೂಕರ್ ಟಿ ಅಂಡ್ ದಿ ಎಂಜೀಸ್, ಅಂದ್ರೆ ಓಟಿಸ್ ರೆಡ್ಡಿಂಗ್‌ಗೆ ಬಾರಿಸ್ತಿದ್ದ ಅದೇ ಕೈಗಳು. ಬೇಸಲ್ಲಿ ಡಕ್ ಡನ್, ಡ್ರಮ್ಮಲ್ಲಿ ಅಲ್ ಜಾಕ್ಸನ್. ಕರಿಯರು ಬಿಳಿಯರು ಒಂದೇ ಹೋಟ್ಲಲ್ಲಿ ಕೂತು ಊಟ ಮಾಡೋದೇ ಕಷ್ಟ ಇದ್ದ ಊರಲ್ಲಿ ಇಬ್ರು ಕರಿಯರು ಇಬ್ರು ಬಿಳಿಯರು ಸೇರಿ ದಿನಾ ಬಾರಿಸ್ತಿದ್ರು. ಅದನ್ನ ಹಾಕಿ, ಅಲ್ಲಿಂದ ಹಿಂದಕ್ಕೆ ನಿಧಾನಕ್ಕೆ ನಡೀರಿ.

ಮುಳ್ಳುಪೆಟ್ಟಿಗೆ:

ಮಾವ, ಆ ಎಲ್‌ಪಿ ಚೆನ್ನಾಗಿದೆ, ಆದ್ರೆ ಅದು ಸೂಟು ಹಾಕ್ಕೊಂಡು ಬಂದ ಬ್ಲೂಸು. ಡೆಲ್ಟಾದ ಮಣ್ಣು ಅದ್ರಲ್ಲಿ ಸಿಗಲ್ಲ.

ಮೆಂಫಿಸ್ ಮಾವ:

ಆಲ್ಬರ್ಟ್ ಕಿಂಗ್ ಹುಟ್ಟಿದ್ದೇ ಮಿಸಿಸಿಪ್ಪೀಲಿ, ಹತ್ತಿ ಬಿಡಿಸಿ ಬೆಳೆದೋರು. ಸೂಟು ಹಾಕ್ಕೊಂಡ್ರೆ ಮಣ್ಣು ಹೋಗ್ಬಿಡುತ್ತಾ?

ಬೇಸ್‌ಪ್ರಿಯ:

ಜಗಳ ಆಡ್ಬೇಡ್ರಪ್ಪ, ಮೂರು ದಿನ ಕೂತು ಎಲ್ಲಾನೂ ಕೇಳ್ದೆ. ಆಲ್ಬರ್ಟ್ ಕಿಂಗ್ ಮೊದಲ ಸಲಕ್ಕೇ ಹಿಡಿಸ್ತು, ಅದ್ರಲ್ಲಿ ಆಶ್ಚರ್ಯ ಏನಿಲ್ಲ. ಹೂಕರ್ ಕೇಳ್ವಾಗ ನನ್ನ ಕಾಲು ತಾನಾಗೇ ಬಡೀತಿತ್ತು, ಕೆಳಗಿನ ಮನೆಯವ್ರು ಫೋನ್ ಮಾಡಿದ್ರು. ಸನ್ ಹೌಸ್ ಚಪ್ಪಾಳೆ ಹಾಡು ರಾತ್ರಿ ಹನ್ನೊಂದಕ್ಕೆ ಹೆಡ್‌ಫೋನಲ್ಲಿ ಕೇಳಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ, ಅದರ ಬಗ್ಗೆ ಏನ್ ಬರೀಬೇಕೋ ಗೊತ್ತಾಗ್ತಿಲ್ಲ.

ಜಾನ್ ಹರ್ಟ್ ಹಾಕಿದಾಗ ಹೆಂಡ್ತಿ ಮತ್ತೆ ಅಡುಗೆಮನೆಯಿಂದ ಬಂದ್ಳು. "ಚೆನ್ನಾಗಿದೆ, ಇನ್ನೊಂದು ಗಿಟಾರ್ ಯಾರು ಬಾರಿಸ್ತಿರೋದು?" ಅಂದ್ಳು. ಇನ್ನೊಬ್ರು ಇಲ್ಲ ಕಣೇ, ಹೆಬ್ಬೆರಳು ಅಂದೆ. ನಂಬ್ಲಿಲ್ಲ.

ಪ್ಯಾಟನ್ ಮಾತ್ರ ಇನ್ನೂ ಹಪ್ಪಳನೇ.