ಪ್ರೊಜೆಕ್ಟೈಲ್ ಲೆಕ್ಕ: ಸೂತ್ರ ಬಾಯಿಪಾಠ, ಆದರೂ ಉತ್ತರ ತಪ್ಪು

ಕೇಳಿದವರು, ಪಿಯು ವಿದ್ಯಾರ್ಥಿನಿಯ ತಾಯಿ:
ಮಗಳು ಪ್ರಥಮ ಪಿಯುಸಿ ಸೈನ್ಸ್. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಪ್ರೊಜೆಕ್ಟೈಲ್ ಲೆಕ್ಕ, ಅಂದರೆ ಎಸೆದ ವಸ್ತುವಿನ ಹಾರಾಟದ ಲೆಕ್ಕ ಬಂದರೆ ಪೆನ್ನು ಹಿಡಿದು ಸುಮ್ನೆ ಕೂತುಬಿಡುತ್ತಾಳೆ. ರೇಂಜ್ (ಅಡ್ಡಕ್ಕೆ ಹೋಗುವ ದೂರ), ಗರಿಷ್ಠ ಎತ್ತರ, ಹಾರಾಟದ ಕಾಲ, ಮೂರೂ ಸೂತ್ರ ಬಾಯಿಗೆ ಬರುತ್ತವೆ. ಕಟ್ಟಡದ ಮೇಲಿಂದ ಎಸೆದರು ಅಂತ ಕೇಳಿದರೆ ಮಾತ್ರ ಉತ್ತರ ತಪ್ಪು. ನೀವು, ನಿಮ್ಮ ಮಕ್ಕಳು ಇದನ್ನು ಹೇಗೆ ದಾಟಿದಿರಿ?

ಪಿಯು ಉಪನ್ಯಾಸಕಿ:
ಮೇಡಂ, ಆ ಸೂತ್ರಗಳೇ ಅವಳನ್ನು ಕೆಡಿಸುತ್ತಿವೆ. ರೇಂಜ್ ಮತ್ತು ಹಾರಾಟದ ಕಾಲದ ಸೂತ್ರ ನಡೆಯುವುದು ಎಸೆದ ಮಟ್ಟಕ್ಕೇ ಚೆಂಡು ವಾಪಸ್ ಬಂದಾಗ ಮಾತ್ರ. ಕಟ್ಟಡದ ಲೆಕ್ಕದಲ್ಲಿ ಅದು ಇನ್ನೂ ಕೆಳಗೆ ಹೋಗುತ್ತದೆ ಅಲ್ವಾ?

ನಾನು ಬೋರ್ಡಿನ ಮಧ್ಯೆ ಒಂದು ಗೆರೆ ಎಳೆಯುತ್ತೇನೆ. ಎಡಕ್ಕೆ ಅಡ್ಡ ಚಲನೆ, ಬಲಕ್ಕೆ ಮೇಲೆ-ಕೆಳಗಿನ ಚಲನೆ. ಎರಡೂ ಕಡೆಗೆ ಸೇರಿದ್ದು ಸಮಯ ಒಂದೇ. ಉದಾಹರಣೆಗೆ, 40 ಮೀಟರ್ ಎತ್ತರದ ಕಟ್ಟಡದಿಂದ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ, 30 ಡಿಗ್ರಿ ಮೇಲಕ್ಕೆ ಚೆಂಡು ಎಸೆದರು. ಜಿ (ಗುರುತ್ವದ ವೇಗೋತ್ಕರ್ಷ) 10 ಅಂತ ಇಟ್ಟುಕೊಳ್ಳಿ.

ಎಡಗಡೆ: 20 ಕಾಸ್ 30, ಅಂದರೆ 17.3. ಇದು ಕೊನೆವರೆಗೂ ಬದಲಾಗುವುದಿಲ್ಲ. ಬಲಗಡೆ: 20 ಸೈನ್ 30, ಅಂದರೆ 10. ಮೇಲಕ್ಕೆ ಪ್ಲಸ್ ಅಂತ ಬರೆದುಕೊಂಡ ಮೇಲೆ ನೆಲ −40ರಲ್ಲಿದೆ, ಜಿ ಕೂಡ ಮೈನಸ್. ಟಿ ಅಂದರೆ ಸಮಯ; ದೂರ = ವೇಗ × ಟಿ + ಅರ್ಧ ಜಿ × ಟಿ² ಅಂತ ಹಾಕಿದರೆ:

−40 = 10ಟಿ − 5ಟಿ²

ಅಂದರೆ ಟಿ² − 2ಟಿ − 8 = 0. ಟಿ 4 ಅಥವಾ −2. ನಮಗೆ ಬೇಕಾದದ್ದು 4 ಸೆಕೆಂಡ್. ಈಗ ಎಡಗಡೆಗೆ ಬನ್ನಿ: 17.3 × 4, ಸುಮಾರು 69 ಮೀಟರ್. ರೇಂಜ್ ಸೂತ್ರ ಹಾಕಿದ್ದರೆ 34.6 ಬರುತ್ತಿತ್ತು. ಅದು ಚೆಂಡು ಮತ್ತೆ ತಾರಸಿಯ ಮಟ್ಟಕ್ಕೆ ಬರುವ ಜಾಗ, ನೆಲ ಇನ್ನೂ 40 ಮೀಟರ್ ಕೆಳಗಿದೆ.

ಆ −2ಕ್ಕೂ ಅರ್ಥ ಇದೆ. ಇದೇ ದಾರಿಯಲ್ಲಿ ಚೆಂಡು ನೆಲದಿಂದಲೇ ಬಂದಿದ್ದರೆ 2 ಸೆಕೆಂಡ್ ಮೊದಲೇ ಹೊರಟಿರಬೇಕಿತ್ತು. ಇದನ್ನು ಕೇಳಿದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ!

ಎಂಜಿನಿಯರಿಂಗ್ ವಿದ್ಯಾರ್ಥಿ:
ಅಕ್ಕ, ಹಾರಾಟದ ಅತಿ ಎತ್ತರದ ತುದಿಯಲ್ಲಿ ಚೆಂಡಿನ ವೇಗ ಎಷ್ಟು ಅಂತ ಅವಳನ್ನು ಕೇಳಿ ನೋಡಿ. ಸೊನ್ನೆ ಅಂದರೆ ಗೆರೆಯ ಎರಡು ಕಡೆ ಇನ್ನೂ ಬೇರೆಯಾಗಿಲ್ಲ ಅಂತ. ಸೊನ್ನೆಯಾಗುವುದು ಮೇಲ್ಮುಖ ವೇಗ ಮಾತ್ರ. ಅಡ್ಡ ವೇಗ ಹಾಗೇ ಇರುತ್ತದೆ, ಜಿ ಅಲ್ಲೂ ಕೆಳಗೇ ಎಳೆಯುತ್ತಿರುತ್ತದೆ. ಫೆಟ್ (PhET) ಅನ್ನುವ ಆನ್‌ಲೈನ್ ಸಿಮ್ಯುಲೇಶನ್ ಉಚಿತ, ಅದರಲ್ಲಿ ಗಾಳಿಯ ತಡೆ ತೆಗೆದು, ನೆಲಮಟ್ಟದಿಂದಲೇ 30 ಮತ್ತು 60 ಡಿಗ್ರಿಗೆ ಒಂದೇ ವೇಗದಲ್ಲಿ ಹಾರಿಸಿದರೆ ಎರಡೂ ಒಂದೇ ಜಾಗಕ್ಕೆ ಬೀಳುತ್ತವೆ.

ಸಿಇಟಿ ಕೋಚಿಂಗ್ ಮಾಡುವವರು:
ಗೆರೆ ಎಳೆಯುವುದು ಸರಿ. ಆದರೆ ಸೂತ್ರ ಬೇಡವೇ ಬೇಡ ಅಂತ ಹೋಗಬೇಡಿ. ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ, ಕ್ಯಾಲ್ಕುಲೇಟರ್ ಇಲ್ಲ. ಟ್ಯಾನ್ ಥೀಟಾ (ಎಸೆದ ಕೋನ) = 4 × ಗರಿಷ್ಠ ಎತ್ತರ ÷ ರೇಂಜ್, ಇದೊಂದು ಗೊತ್ತಿದ್ದರೆ ಕೆಲವು ಪ್ರಶ್ನೆ ಅರ್ಧ ನಿಮಿಷದ್ದು. ಅದನ್ನು ಒಮ್ಮೆ ತಾನೇ ಬಿಡಿಸಿ ತೆಗೆಯಲಿ, ಆಮೇಲೆ ಬಳಸಲಿ.

ಕೇಳಿದವರು:
ನಿನ್ನೆ ಗೆರೆ ಎಳೆದೇ ಮಾಡಿದಳು, ಕಟ್ಟಡದ್ದು ಬಂತು. ಇನ್ನೊಂದರಲ್ಲಿ ಕೋನವನ್ನು ಲಂಬದಿಂದ ಕೊಟ್ಟಿದ್ದರು. ಅಲ್ಲಿ ಮತ್ತೆ ಸಿಕ್ಕಿಬಿದ್ದಳು.

ಪಿಯು ಉಪನ್ಯಾಸಕಿ:
ಅಲ್ಲಿ ಸೈನ್, ಕಾಸ್ ಅದಲು ಬದಲು. "ಅಡ್ಡಕ್ಕೆ ಯಾವಾಗಲೂ ಕಾಸ್" ಅಂತ ಕಲಿತವರೆಲ್ಲ ಅಲ್ಲೇ ಬೀಳುವುದು. ಮೊದಲು ಚಿತ್ರ ಬರೆಸಿ. ಕೋನಕ್ಕೆ ಅಂಟಿಕೊಂಡ ಬಾಹುವಿಗೆ ಕಾಸ್, ಎದುರಿನದಕ್ಕೆ ಸೈನ್. ಇದು ಯಾವ ಲೆಕ್ಕದಲ್ಲೂ ತಪ್ಪುವುದಿಲ್ಲ.

ಇದಾದ ಮೇಲೆ ಈ ಲೆಕ್ಕ ಕೊಡಿ: 490 ಮೀಟರ್ ಎತ್ತರದಲ್ಲಿ ಗಂಟೆಗೆ 360 ಕಿಲೋಮೀಟರ್ ವೇಗದಲ್ಲಿ ನೇರ ಹೋಗುತ್ತಿರುವ ವಿಮಾನದಿಂದ ಆಹಾರದ ಪೊಟ್ಟಣ ಬಿಟ್ಟರು. ಗಾಳಿಯ ತಡೆ ಇಲ್ಲ, ಜಿ 9.8. ಎಷ್ಟು ದೂರ ಮುಂದೆ ಬೀಳುತ್ತದೆ? "ಬಿಟ್ಟರು" ಅಂದ ಕೂಡಲೇ ಜಾಸ್ತಿ ಮಕ್ಕಳು ಅಡ್ಡ ವೇಗವನ್ನೂ ಸೊನ್ನೆ ಮಾಡಿಬಿಡುತ್ತಾರೆ. ಪೊಟ್ಟಣಕ್ಕೆ ವಿಮಾನದ ವೇಗ ಇದ್ದೇ ಇರುತ್ತದೆ. ಉತ್ತರ 1000 ಮೀಟರ್ ಬರಬೇಕು. ಬರದಿದ್ದರೆ ಅವಳ ಹಾಳೆಯ ಫೋಟೋ ಇಲ್ಲೇ ಹಾಕಿ, ಎಲ್ಲಿ ಎಡವಿದಳು ನೋಡೋಣ.