ಕ್ಷ ಬರೆದೆ, ಮ ಒತ್ತು ಎಲ್ಲಿ?

ಪ್ರಶ್ನೆ: ಧಾರವಾಡದವಳು ನಾನು. ಮೊನ್ನೆ ಬ್ಯಾಂಕಿನಲ್ಲಿ ಚಲನ್ ತುಂಬುವಾಗ ‘ಲಕ್ಷ್ಮೀ’ ಎಂದು ಬರೆಯಲು ಹೋಗಿ ಪೆನ್ನು ನಿಂತೇಬಿಟ್ಟಿತು. ಮೊಬೈಲಿನಲ್ಲಿ ದಿನಾ ಇದೇ ಹೆಸರು ಟೈಪ್ ಮಾಡುತ್ತೇನೆ! ನಿಮಗೂ ಹೀಗಾಗಿದೆಯಾ?

ಉತ್ತರ 1: ಆಗದೆ ಏನು ಅಕ್ಕಾರೇ! ಕೀಲಿಮಣೆಯಲ್ಲಿ ಎರಡು ವ್ಯಂಜನದ ನಡುವೆ ಹಲಂತ (್ ಚಿಹ್ನೆ) ಒತ್ತಿದರೆ ಸಾಕು, ಒತ್ತಕ್ಷರ ತಾನೇ ಬಂದು ಕೂರುತ್ತದೆ. ಬೆರಳು ಅದರ ಆಕಾರ ತಿದ್ದುವುದೇ ಇಲ್ಲ, ಮತ್ತೆ ನೆನಪು ಹೇಗೆ ಉಳಿಯಬೇಕು? ನಮ್ಮಜ್ಜ ಉಸುಕಿನಲ್ಲಿ ತಿದ್ದಿಸುತ್ತಿದ್ದರು. ತಪ್ಪಿದರೆ ಕಿವಿ ಹಿಂಡುತ್ತಿದ್ದರು, ಅದೊಂದು ಬೇಡವಾಗಿತ್ತು.

ಉತ್ತರ 2: ಸುಮ್ನೆ ಮೊಬೈಲನ್ನು ಬೈಯಬೇಡಿ. ನನ್ನ ಅಕ್ಷರ ಮೊದಲಿನಿಂದಲೂ ಕೋಳಿ ಕೆದರಿದ ಹಾಗೇ ಇತ್ತು.

ಪ್ರಶ್ನೆ ಕೇಳಿದವಳು: ಹಹ್ಹ! ಸುಭಾಸ ರಸ್ತೆಗೆ ಹೋಗಿ ಗೆರೆ ಹಾಕಿದ ಪಟ್ಟಿ ತಂದಿದ್ದೇನೆ. ದಿನಕ್ಕೊಂದು ಪುಟ. ಅರ್ಧಕ್ಕೇ ಬೆರಳು ನೋಯುತ್ತಿದೆ.